ರಾತ್ರಿಯ ಸದ್ದು ಮತ್ತು ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೊದಲನೇ ಮಹಡಿಯ ಮನೆ. ಎದುರಿಗೇ ದೊಡ್ಡ ರಸ್ತೆ, ಸರಿಯಾಗಿ ನಮ್ಮ ಕಿಟಕಿ ಕೆಳಗೆ ಒಂದು ಹಂಪ್. ರಾತ್ರಿ ಖಾಲಿ ಲಾರಿ ಬಂದರೆ ಮೊದಲು ಬ್ರೇಕು ಕಿರ್ ಅನ್ನುತ್ತದೆ. ಹಂಪ್ ಹತ್ತಿ ಇಳಿಯುವಾಗ ಹಿಂದಿನ ಡೋರು ಢಣ್ ಅಂತ ಬಡಿಯುತ್ತದೆ. ಆಮೇಲೆ ಗೇರು ಬದಲಿಸಿಕೊಂಡು ಗುರುಗುಟ್ಟುತ್ತಾ ಹೋಗುತ್ತದೆ. ಅಮ್ಮನ ಬಿಪಿ ಹಿಡಿತಕ್ಕೆ ಸಿಗದೆ ಹೋದಾಗ ಡಾಕ್ಟರು ಒಂದು ಮಾತು ಕೇಳಿದರು: “ರಾತ್ರಿ ನಿದ್ದೆ ಹೇಗಮ್ಮ? ಮಲಗೋ ಕೋಣೆ ರಸ್ತೆ ಕಡೆಗಿದೆಯಾ?” ಅಲ್ಲಿಂದ ನಾನು ಈ ವಿಷಯ ಓದುವುದಕ್ಕೆ ಶುರು ಮಾಡಿದೆ. ಆಮೇಲೆ ನೆಂಟರು, ಗೆಳೆಯರು, ಪಕ್ಕದ ಮನೆಯವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ನಾನು ಡಾಕ್ಟರಲ್ಲ, ಓದಿ ತಿಳಿದುಕೊಂಡವನು. ನಿಮ್ಮ ಮಾತ್ರೆ, ನಿಮ್ಮ ಬಿಪಿಯ ವಿಷಯ ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ.

ಸದ್ದಿನಿಂದ ಕಿವಿ ಹಾಳಾಗುತ್ತದೆ, ಸರಿ. ಹೃದಯಕ್ಕೂ ಅದಕ್ಕೂ ಏನು ಸಂಬಂಧ?

ಇವೆರಡೂ ಬೇರೆ ಬೇರೆ ತೊಂದರೆಗಳು. ಕಿವಿ ಕೆಡುವುದಕ್ಕೆ ತುಂಬಾ ಜೋರು ಸದ್ದು ಬೇಕು. ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬೆಲ್ ದಾಟಬಾರದು ಅಂತ ಲೆಕ್ಕ ಇಟ್ಟಿರುವುದು ಅದಕ್ಕೇ. ಹೃದಯದ ವಿಷಯ ಹಾಗಲ್ಲ. ಅಲ್ಲಿ 50–55 ಡೆಸಿಬೆಲ್ ಆಸುಪಾಸಿನಿಂದಲೇ ಲೆಕ್ಕ ಶುರುವಾಗುತ್ತದೆ. ಅಂದರೆ ಇಬ್ಬರು ಮಾಮೂಲಿಯಾಗಿ ಮಾತಾಡುವುದಕ್ಕಿಂತಲೂ ಕಡಿಮೆ.

ಕಿವಿಗೆ ಆಗುವ ಪೆಟ್ಟು ಸದ್ದಿನ ಜೋರಿನಿಂದ ಆಗುತ್ತದೆ. ಹೃದಯಕ್ಕೆ ಆಗುವ ಪೆಟ್ಟು ಆ ಸದ್ದು ಕೇಳಿ ಮಿದುಳು ಏನು ಮಾಡುತ್ತದೆ ಅನ್ನುವುದರಿಂದ ಆಗುತ್ತದೆ. “ನನ್ನ ಕಿವಿ ಚೆನ್ನಾಗಿದೆ, ನನಗೇನೂ ಆಗಿಲ್ಲ” ಅನ್ನುವ ಸಮಾಧಾನ ಅದಕ್ಕೇ ಸಾಲದು.

ಡೆಸಿಬೆಲ್ ಲೆಕ್ಕ ನನಗೆ ಯಾವತ್ತೂ ಅರ್ಥ ಆಗಲ್ಲ. ಸುಲಭವಾಗಿ ಹೇಳ್ತೀರಾ?

ಅದು ಕಿಲೋ, ಮೀಟರ್ ತರಹ ನೇರ ಲೆಕ್ಕ ಅಲ್ಲ, ಅದಕ್ಕೇ ಗೊಂದಲ. 10 ಡೆಸಿಬೆಲ್ ಜಾಸ್ತಿ ಆದರೆ ಸದ್ದಿನ ಶಕ್ತಿ 10 ಪಟ್ಟು ಆಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ರಸ್ತೆಯಲ್ಲಿ ಓಡಾಡುವ ಗಾಡಿಗಳು ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಇದನ್ನು ತಿರುಗಿಸಿ ನೋಡಿ. 3 ಡೆಸಿಬೆಲ್ ಇಳಿಸಬೇಕು ಅಂದರೆ ಅರ್ಧ ಗಾಡಿಗಳನ್ನೇ ರಸ್ತೆಯಿಂದ ಇಳಿಸಬೇಕು! ಹಾಗಾಗಿ ಯಾರಾದರೂ “ಬರೀ 5 ಡೆಸಿಬೆಲ್ ತಾನೇ ಜಾಸ್ತಿ” ಅಂದರೆ ನಂಬಬೇಡಿ.

ಅಂದಾಜಿಗೆ ಹೇಳುವುದಾದರೆ ಪಿಸುಮಾತು 30, ಎದುರು ಕೂತವರ ಮಾತು 60, ಅಡುಗೆಮನೆಯ ಮಿಕ್ಸಿ ಹತ್ತಿರ ನಿಂತರೆ 80ರ ಮೇಲೆ.

ಸದ್ದು ಕೇಳಿದಾಗ ಮೈಯೊಳಗೆ ಏನಾಗುತ್ತದೆ?

ಕಿವಿ ನಮ್ಮ ಕಾವಲುಗಾರ. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ನಿದ್ದೆಯಲ್ಲೂ ಅದು ತೆರೆದೇ ಇರುತ್ತದೆ. ಕಾಡಿನಲ್ಲಿ ಮಲಗುತ್ತಿದ್ದ ಕಾಲದಲ್ಲಿ ಇದರಿಂದ ಜೀವ ಉಳಿಯುತ್ತಿತ್ತು. ಈಗ ಹುಲಿ ಇಲ್ಲ, ಲಾರಿ ಇದೆ. ಮಿದುಳಿನ ಹಳೆಯ ಭಾಗಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ.

ಸದ್ದು ಕಿವಿಯಿಂದ ಮಿದುಳಿಗೆ ಹೋಗುತ್ತದೆ. ಅಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಪುಟ್ಟ ಭಾಗ ಇದೆ. ಹೆದರಿಕೆ, ಎಚ್ಚರಿಕೆಯ ಕೆಲಸ ಅದರದ್ದು. ಅದು ಎಚ್ಚೆತ್ತರೆ ಎರಡು ಕಡೆಗೆ ಆರ್ಡರ್ ಹೋಗುತ್ತದೆ. ಒಂದು ನರಗಳ ದಾರಿಯಲ್ಲಿ ಹೋಗಿ ಅಡ್ರಿನಲಿನ್ ಬಿಡಿಸುತ್ತದೆ. ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಬಿಪಿ ಮೇಲೆ ಹೋಗುತ್ತದೆ. ಇನ್ನೊಂದು ನಿಧಾನದ ದಾರಿ. ಅದರಲ್ಲಿ ಕಾರ್ಟಿಸಾಲ್ ಬರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಒಂದು ಸಲ ಆದರೆ ಏನೂ ತೊಂದರೆ ಇಲ್ಲ, ಮೈ ತಾನೇ ಸರಿ ಮಾಡಿಕೊಳ್ಳುತ್ತದೆ. ರಾತ್ರಿಗೆ ಮೂವತ್ತು ನಲವತ್ತು ಸಲ, ವರ್ಷಗಟ್ಟಲೆ ಆದರೆ?

ಆಗ ಪೆಟ್ಟು ಬೀಳುವುದು ರಕ್ತನಾಳದ ಒಳಪೊರೆಗೆ. ಕಾಗದಕ್ಕಿಂತ ತೆಳ್ಳಗಿನ ಪದರ ಅದು, ಒಂದೇ ಸಾಲು ಜೀವಕೋಶ. ಆದರೆ ಕೆಲಸ ಮಾತ್ರ ದೊಡ್ಡದು. ನೈಟ್ರಿಕ್ ಆಕ್ಸೈಡ್ ತಯಾರಿಸಿ ನಾಳಕ್ಕೆ “ಸಡಿಲಾಗು” ಅಂತ ಹೇಳುವುದು ಇದೇ. ಒತ್ತಡದ ಹಾರ್ಮೋನುಗಳು ಪದೇ ಪದೇ ಏರಿದರೆ ಈ ನೈಟ್ರಿಕ್ ಆಕ್ಸೈಡನ್ನು ತಿಂದುಹಾಕುವ ರಾಸಾಯನಿಕಗಳು ಅಲ್ಲಿ ಜಾಸ್ತಿ ಆಗುತ್ತವೆ. ನಾಳ ಬಿಗಿಯಾಗಿಯೇ ಉಳಿಯುತ್ತದೆ, ಉರಿಯೂತ ಶುರುವಾಗುತ್ತದೆ, ಕೊಬ್ಬು ಕೂರುವುದಕ್ಕೆ ಜಾಗ ಆಗುತ್ತದೆ.

ಜರ್ಮನಿಯ ಮೈನ್ಸ್ ಊರಿನಲ್ಲಿ ಥಾಮಸ್ ಮುಂಜೆಲ್ ಅನ್ನುವ ಹೃದ್ರೋಗ ತಜ್ಞರ ತಂಡ ಇದನ್ನು ನೇರವಾಗಿ ಅಳೆದು ನೋಡಿತು. ಪಕ್ಕದಲ್ಲೇ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ, ಹಾಗಾಗಿ ವಿಷಯ ಅವರಿಗೆ ಮನೆಬಾಗಿಲಿನದ್ದೇ. 75 ಆರೋಗ್ಯವಂತರನ್ನು ಆರಿಸಿ, ಅವರವರ ಮನೆಯ ಹಾಸಿಗೆಯಲ್ಲೇ ಮಲಗಿಸಿ, ಒಂದು ರಾತ್ರಿ ಏನೂ ಹಾಕದೆ, ಒಂದು ರಾತ್ರಿ 30 ಸಲ, ಇನ್ನೊಂದು ರಾತ್ರಿ 60 ಸಲ ವಿಮಾನದ ಸದ್ದನ್ನು ರೆಕಾರ್ಡಿನಿಂದ ಕೇಳಿಸಿದರು. ಬೆಳಗ್ಗೆ ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆ ಅಂತ ಸ್ಕ್ಯಾನ್ ಮಾಡಿದರು. ಸದ್ದು ಜಾಸ್ತಿ ಆದಷ್ಟೂ ನಾಳ ಹಿಗ್ಗುವುದು ಕಡಿಮೆ ಆಗಿತ್ತು, ಅಡ್ರಿನಲಿನ್ ಏರಿತ್ತು. ಇದು ಪ್ರಕಟವಾದದ್ದು 2013ರಲ್ಲಿ. ಒಂದೇ ರಾತ್ರಿಯ ಸದ್ದು ಆರೋಗ್ಯವಂತರ ರಕ್ತನಾಳದಲ್ಲಿ ಬೆಳಗ್ಗೆ ಕಾಣುವಷ್ಟು ಗುರುತು ಬಿಟ್ಟಿತು ಅನ್ನುವುದು ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ.

ನನಗೆ ಅಭ್ಯಾಸ ಆಗಿಬಿಟ್ಟಿದೆ. ಸದ್ದು ಇಲ್ಲದಿದ್ದರೇ ನಿದ್ದೆ ಬರಲ್ಲ. ಆಗಲೂ ತೊಂದರೆಯಾ?

ಇದು ಅಮ್ಮನದೇ ಡೈಲಾಗು. “ಮೂವತ್ತು ವರ್ಷದಿಂದ ಇದೇ ಸದ್ದಲ್ಲಿ ಮಲಗಿದೀನಿ ಕಣೋ, ನಂಗೇನೂ ಕೇಳ್ಸೋದೇ ಇಲ್ಲ.” ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಕೇಳಿಸುತ್ತಿರಲಿಲ್ಲ.

ಒಂದು ದಿನ ಡಾಕ್ಟರು 24 ಗಂಟೆಯ ಬಿಪಿ ಮೆಷಿನ್ ಹಾಕಿ ಕಳಿಸಿದರು. ತೋಳಿಗೆ ಪಟ್ಟಿ, ಸೊಂಟಕ್ಕೆ ಪುಟ್ಟ ಡಬ್ಬಿ. ಇಷ್ಟಿಷ್ಟು ಹೊತ್ತಿಗೆ ಪಟ್ಟಿ ತಾನೇ ಗಾಳಿ ತುಂಬಿಕೊಂಡು ಬಿಗಿಯುತ್ತದೆ, ಬಿಪಿ ಬರೆದುಕೊಳ್ಳುತ್ತದೆ. ಅಮ್ಮನಿಗೆ ಅದೇ ದೊಡ್ಡ ಕಿರಿಕಿರಿ. ಮಾರನೆಯ ದಿನ ಬಂದ ಚಾರ್ಟಿನಲ್ಲಿ ರಾತ್ರಿಯ ಗೆರೆ ಇಳಿದೇ ಇರಲಿಲ್ಲ, ಹೆಚ್ಚುಕಡಿಮೆ ಹಗಲಿನಷ್ಟೇ ಎತ್ತರದಲ್ಲಿ ಹೋಗಿತ್ತು. ಬೆಳಗ್ಗೆ ಕೇಳಿದರೆ “ಚೆನ್ನಾಗಿ ನಿದ್ದೆ ಬಂತಪ್ಪ” ಅಂದಿದ್ದರು. ಅದಕ್ಕೆ ಸದ್ದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ವಯಸ್ಸಿದೆ, ಸಕ್ಕರೆ ಕಾಯಿಲೆ ಇದೆ, ಆ ಪಟ್ಟಿಯ ಕಾಟವೂ ಇತ್ತು. ಆದರೆ ನಿದ್ದೆ ಚೆನ್ನಾಗಿತ್ತು ಅನ್ನುವ ಅನಿಸಿಕೆ ಮೈಯ ಲೆಕ್ಕಕ್ಕೆ ತಾಳೆ ಆಗಲಿಲ್ಲ.

ಸಂಶೋಧನೆ ಹೇಳುವುದೂ ಇದನ್ನೇ. ದಿನ ಕಳೆದ ಹಾಗೆ ಸದ್ದಿಗೆ ಪೂರ್ತಿ ಎಚ್ಚರಾಗುವುದು ಕಡಿಮೆ ಆಗುತ್ತದೆ, ಮನಸ್ಸಿಗೆ ರೇಜಿಗೆಯೂ ಕಡಿಮೆ ಆಗಬಹುದು. ಆದರೆ ಎದೆಬಡಿತ ಏರುವುದು ಪೂರ್ತಿ ನಿಲ್ಲುವುದಿಲ್ಲ. ಮೈನ್ಸ್ ಪ್ರಯೋಗದಲ್ಲಿ ಇನ್ನೂ ಒಂದು ಸಂಗತಿ ಸಿಕ್ಕಿತು. ಮೊದಲು 30 ಸದ್ದಿನ ರಾತ್ರಿ ಕಳೆದು ಆಮೇಲೆ 60ರ ರಾತ್ರಿ ಮಲಗಿದವರಲ್ಲಿ ನಾಳ ಇನ್ನೂ ಜಾಸ್ತಿ ಬಿಗಿಯಾಗಿತ್ತು. ರಕ್ತನಾಳಕ್ಕೆ ಅಭ್ಯಾಸ ಆಗಿರಲಿಲ್ಲ, ಅದು ಇನ್ನಷ್ಟು ಸೂಕ್ಷ್ಮ ಆಗಿತ್ತು.

ರಾತ್ರಿಯ ಸದ್ದೇ ಜಾಸ್ತಿ ಕೆಟ್ಟದ್ದು ಯಾಕೆ?

ರಾತ್ರಿ ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ 10ರಿಂದ 20 ಶೇಕಡಾ ಇಳಿಯುತ್ತದೆ. ಹೃದಯಕ್ಕೂ ನಾಳಗಳಿಗೂ ದಿನಕ್ಕೆ ಸಿಗುವ ಬಿಡುವು ಅದೊಂದೇ. ಆ ಇಳಿತ ಇಲ್ಲದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ ಡಾಕ್ಟರುಗಳಿಗೆ ಮೊದಲಿನಿಂದಲೂ ಗೊತ್ತು.

2008ರಲ್ಲಿ ಪ್ರಕಟವಾದ ಹೈಯೆನಾ ಅನ್ನುವ ಅಧ್ಯಯನ ಯುರೋಪಿನ ಆರು ದೊಡ್ಡ ವಿಮಾನ ನಿಲ್ದಾಣಗಳ ಸುತ್ತ ನಡೆಯಿತು. ಲಂಡನ್ನಿನ ಹೀಥ್ರೊ, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಸ್ಟಾಕ್‌ಹೋಮ್, ಮಿಲಾನ್, ಅಥೆನ್ಸ್. 45ರಿಂದ 70 ವಯಸ್ಸಿನ ಸುಮಾರು 4,900 ಜನರನ್ನು ನೋಡಿದರು. ರಾತ್ರಿಯ ವಿಮಾನದ ಸದ್ದು 10 ಡೆಸಿಬೆಲ್ ಏರಿದ ಕಡೆ ಅಧಿಕ ರಕ್ತದೊತ್ತಡ ಇರುವ ಸಾಧ್ಯತೆ ಸುಮಾರು 14 ಶೇಕಡಾ ಜಾಸ್ತಿ ಇತ್ತು. ಹಗಲಿನ ವಿಮಾನದ ಸದ್ದಿಗೆ ಅಂಥ ಸ್ಪಷ್ಟ ನಂಟು ಕಾಣಲಿಲ್ಲ. ಅದೇ ಗುಂಪಿನ 140 ಜನರ ಬಿಪಿಯನ್ನು ರಾತ್ರಿಯಿಡೀ ಅಳೆದರೆ, ವಿಮಾನ ಹೋದ ಹೊತ್ತಿಗೆ ಮೇಲಿನ ಅಂಕಿ ಸರಾಸರಿ 6 ಪಾಯಿಂಟಿನಷ್ಟು ಏರಿತ್ತು. ಎಚ್ಚರವೇ ಆಗದವರಲ್ಲೂ ಹೀಗೇ!

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಿಲ್ದಾಣದ ಸುತ್ತ 2000ರಿಂದ 2015ರವರೆಗೆ ಹೃದಯದ ಕಾರಣಕ್ಕೆ ಸತ್ತ ಸುಮಾರು 25,000 ಜನರ ದಾಖಲೆ ಇಟ್ಟುಕೊಂಡು, ಸಾವಿಗೆ ಮುಂಚಿನ ಎರಡು ಗಂಟೆಯಲ್ಲಿ ಎಷ್ಟು ವಿಮಾನದ ಸದ್ದು ಇತ್ತು ಅಂತ ಲೆಕ್ಕ ಹಾಕಿದರು. ರಾತ್ರಿಯ ಸಾವುಗಳಲ್ಲಿ ಆ ನಂಟು ಕಾಣಿಸಿತು. ಅಂದರೆ ವರ್ಷಗಟ್ಟಲೆ ಸವೆಸುವುದು ಒಂದು ಕಡೆ, ಮೊದಲೇ ದುರ್ಬಲ ಇರುವ ಹೃದಯವನ್ನು ಒಂದು ರಾತ್ರಿ ತಳ್ಳಿಬಿಡುವುದು ಇನ್ನೊಂದು ಕಡೆ.

ಸದ್ದು ಇರುವ ಕಡೆ ಹೊಗೆಯೂ ಇರುತ್ತದೆ. ಹೊಗೆಯ ತಪ್ಪನ್ನು ಸದ್ದಿನ ಮೇಲೆ ಹಾಕುತ್ತಿಲ್ಲವಾ?

ಒಳ್ಳೆಯ ಪ್ರಶ್ನೆ, ಸಂಶೋಧಕರನ್ನು ಬಹಳ ವರ್ಷ ಕಾಡಿದ ಪ್ರಶ್ನೆ. ರಸ್ತೆ ಪಕ್ಕದ ಮನೆ ಅಂದರೆ ಸದ್ದು, ಹೊಗೆ, ಧೂಳು ಎಲ್ಲವೂ ಒಟ್ಟಿಗೇ. ಅಲ್ಲಿ ಬಾಡಿಗೆಯೂ ಕಡಿಮೆ, ಹಾಗಾಗಿ ಬಡವರೇ ಜಾಸ್ತಿ ಇರುತ್ತಾರೆ. ಬಡತನವೂ ಹೃದಯಕ್ಕೆ ಒಳ್ಳೆಯದಲ್ಲ. ಇದನ್ನೆಲ್ಲ ಬಿಡಿಸಿ ನೋಡುವುದು ಕಷ್ಟ.

ಆದರೂ ಮೂರು ದಾರಿಯಲ್ಲಿ ಬಿಡಿಸಿದ್ದಾರೆ. ದೊಡ್ಡ ಅಧ್ಯಯನಗಳಲ್ಲಿ ಹೊಗೆಯ ಪ್ರಮಾಣ, ಸಿಗರೇಟು, ಆದಾಯ, ಓದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಸದ್ದಿನ ಪಾಲು ಉಳಿಯಿತು. ಎರಡನೆಯದು ವಿಮಾನ. ವಿಮಾನ ಸಾಗುವ ದಾರಿಯ ಕೆಳಗೆ ಸದ್ದು ಬೀಳುತ್ತದೆ, ಹೊಗೆ ಅಷ್ಟಾಗಿ ಬೀಳುವುದಿಲ್ಲ. ಅಲ್ಲೂ ಫಲಿತಾಂಶ ಅದೇ. ಮೂರನೆಯದು ಮೈನ್ಸ್ ಪ್ರಯೋಗ. ಅಲ್ಲಿ ಇದ್ದದ್ದು ಸ್ಪೀಕರು ಮಾತ್ರ, ಹೊಗೆ ಇರಲೇ ಇಲ್ಲ.

ಬಾಸ್ಟನ್‌ನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ತಂಡ ಇನ್ನೊಂದು ಕೊಂಡಿ ಜೋಡಿಸಿತು. ಬೇರೆ ಕಾರಣಕ್ಕೆ ಮಿದುಳು, ಮೈ ಸ್ಕ್ಯಾನ್ ಮಾಡಿಸಿಕೊಂಡಿದ್ದ 498 ಜನರ ಮನೆ ಎಲ್ಲಿದೆ, ಅಲ್ಲಿ ಸದ್ದೆಷ್ಟು ಅಂತ ಹುಡುಕಿದರು. ಸದ್ದು ಜಾಸ್ತಿ ಇದ್ದವರಲ್ಲಿ ಅಮಿಗ್ಡಲಾ ಜಾಸ್ತಿ ಚುರುಕಾಗಿತ್ತು, ರಕ್ತನಾಳದಲ್ಲಿ ಉರಿಯೂತ ಜಾಸ್ತಿ ಇತ್ತು, ಮುಂದಿನ ಐದು ವರ್ಷದಲ್ಲಿ ಹೃದಯದ ತೊಂದರೆಗಳೂ ಜಾಸ್ತಿ ಆದವು.

ಒಂದು ಕೊರತೆಯನ್ನೂ ಹೇಳಬೇಕು. ಈ ಅಧ್ಯಯನಗಳು ಬಹುಪಾಲು ಯುರೋಪು, ಅಮೆರಿಕದವು. ಚಳಿಗೆ ಕಿಟಕಿ ಮುಚ್ಚಿ ಮಲಗುವ, ಹಾರ್ನ್ ಅಪರೂಪವಾಗಿರುವ ಊರುಗಳು. ನಮ್ಮಲ್ಲಿ ವರ್ಷಪೂರ್ತಿ ಕಿಟಕಿ ತೆರೆದೇ ಇರುತ್ತದೆ. ಅಲ್ಲಿನ ಅಂಕಿಗಳನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲು ಆಗುವುದಿಲ್ಲ.

ಹೆದರಿಸಬೇಡಿ, ಸರಿಯಾಗಿ ಹೇಳಿ. ಅಪಾಯ ಎಷ್ಟು ದೊಡ್ಡದು?

ಒಬ್ಬೊಬ್ಬರ ಮಟ್ಟಿಗೆ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ರಸ್ತೆಯ ಸದ್ದು 10 ಡೆಸಿಬೆಲ್ ಏರಿದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯ ಅಪಾಯ ಸುಮಾರು 8 ಶೇಕಡಾ ಏರುತ್ತದೆ. ಆಮೇಲೆ ಇನ್ನೂ ಹೆಚ್ಚು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಹೃದಯ–ರಕ್ತನಾಳದ ಎಲ್ಲ ಕಾಯಿಲೆಗಳಿಗೂ ಒಟ್ಟಾಗಿ 3 ಶೇಕಡಾ ಚಿಲ್ಲರೆ ಬಂದಿದೆ. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿಯ ಮುಂದೆ ಇದು ಸಣ್ಣ ಅಂಕಿ. ಸಿಗರೇಟು ಸೇದುತ್ತಾ ಸದ್ದಿನ ಬಗ್ಗೆ ತಲೆಕೆಡಿಸಿಕೊಳ್ಳುವುದು ಹುಚ್ಚುತನ.

ಆದರೆ ಸಿಗರೇಟು ಎಲ್ಲರೂ ಸೇದುವುದಿಲ್ಲ, ಸದ್ದು ಕೋಟಿಗಟ್ಟಲೆ ಜನರ ಮೇಲೆ ಬೀಳುತ್ತದೆ. ಸಣ್ಣ ಅಂಕಿಯನ್ನು ಕೋಟಿಯಿಂದ ಗುಣಿಸಿದರೆ ದೊಡ್ಡದೇ ಆಗುತ್ತದೆ ಅಲ್ವಾ? ಯುರೋಪಿನ ಪರಿಸರ ಸಂಸ್ಥೆ 2020ರ ವರದಿಯಲ್ಲಿ ಅಲ್ಲಿ ಸದ್ದಿನ ಕಾರಣಕ್ಕೆ ವರ್ಷಕ್ಕೆ 12,000 ಅಕಾಲ ಸಾವು, 48,000 ಹೊಸ ಹೃದ್ರೋಗಿಗಳು ಅಂತ ಅಂದಾಜು ಕೊಟ್ಟಿದೆ.

ಸ್ಟ್ರೋಕಿಗೂ ಸಂಬಂಧ ಇದೆಯಾ?

ಇದೆ. ಡೆನ್ಮಾರ್ಕಿನಲ್ಲಿ 57,000ಕ್ಕೂ ಹೆಚ್ಚು ಜನರ ಗುಂಪನ್ನು ಇಟ್ಟುಕೊಂಡು 2011ರಲ್ಲಿ ಲೆಕ್ಕ ಹಾಕಿದಾಗ, ರಸ್ತೆಯ ಸದ್ದು 10 ಡೆಸಿಬೆಲ್ ಏರಿದರೆ ಸ್ಟ್ರೋಕ್ ಅಪಾಯ 14 ಶೇಕಡಾ ಜಾಸ್ತಿ ಕಂಡಿತು. ಅರವತ್ತೈದರ ಆಸುಪಾಸು ದಾಟಿದವರಲ್ಲಿ 27 ಶೇಕಡಾ. ವಯಸ್ಸಾದವರ ನಿದ್ದೆ ಮೊದಲೇ ತೆಳುವಾಗಿರುತ್ತದೆ, ಅದೇ ಕಾರಣ ಇರಬಹುದು ಅನ್ನುವುದು ಸಂಶೋಧಕರ ಊಹೆ.

ಎಷ್ಟು ಡೆಸಿಬೆಲ್ ಇದ್ದರೆ ಪರವಾಗಿಲ್ಲ? ನಮ್ಮ ಕಾನೂನು ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಸ್ತೆಯ ಸದ್ದು ದಿನದ ಸರಾಸರಿ 53, ರಾತ್ರಿ 45 ದಾಟಬಾರದು. ರೈಲಿಗೆ 54 ಮತ್ತು 44. ವಿಮಾನಕ್ಕೆ ಇನ್ನೂ ಬಿಗಿ, 45 ಮತ್ತು 40. ದಿನದ ಸರಾಸರಿ ಹಾಕುವಾಗ ಸಂಜೆಯ ಸದ್ದಿಗೆ 5, ರಾತ್ರಿಯ ಸದ್ದಿಗೆ 10 ಡೆಸಿಬೆಲ್ ದಂಡದ ಹಾಗೆ ಸೇರಿಸಿರುತ್ತಾರೆ.

ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ಮನೆಗಳಿರುವ ಪ್ರದೇಶದಲ್ಲಿ ಹಗಲು 55, ರಾತ್ರಿ 45. ವ್ಯಾಪಾರದ ಜಾಗದಲ್ಲಿ 65 ಮತ್ತು 55, ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿದ ಕಡೆ 50 ಮತ್ತು 40. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10.

ನೋಡಿ, ಕಾಗದದ ಮೇಲೆ ನಾವು ಯಾರಿಗೂ ಕಡಿಮೆ ಇಲ್ಲ! ಮನೆಯ ಪ್ರದೇಶಕ್ಕೆ ರಾತ್ರಿ 45 ಅನ್ನುವುದು ರಸ್ತೆಯ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಯೇ. ತೊಂದರೆ ಇರುವುದು ರಸ್ತೆಯಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಿಂದ ಏಳು ನಗರಗಳಲ್ಲಿ ಸದ್ದು ಅಳೆಯುವ ಯಂತ್ರಗಳನ್ನು ಇಟ್ಟಿದೆ. ಬೆಂಗಳೂರಿನಲ್ಲಿ ಪೀಣ್ಯ, ಮಾರತಹಳ್ಳಿ, ಬಿಟಿಎಂ ಲೇಔಟ್, ನಿಮ್ಹಾನ್ಸ್ ಸೇರಿ ಹತ್ತು ಕಡೆ ಇವೆ. ಅಳೆಯುವುದೇನೋ ನಡೆದಿದೆ. ಅಳೆದದ್ದಕ್ಕೆ ತಕ್ಕ ಹಾಗೆ ಸದ್ದು ಇಳಿಸುವ ಕೆಲಸ ಮಾತ್ರ ನನಗೆ ಎಲ್ಲೂ ಕಂಡಿಲ್ಲ.

ರಸ್ತೆ, ರೈಲು, ವಿಮಾನ, ಇವುಗಳಲ್ಲಿ ಯಾವುದು ಜಾಸ್ತಿ ಕೆಟ್ಟದ್ದು?

ಪುರಾವೆ ಗಟ್ಟಿ ಇರುವುದು ರಸ್ತೆಯ ವಿಷಯದಲ್ಲಿ, ಯಾಕೆಂದರೆ ಜಾಸ್ತಿ ಜನ ಇರುವುದು ಅಲ್ಲಿ. ಅಷ್ಟೇ ಡೆಸಿಬೆಲ್ ಆದರೂ ಜನಕ್ಕೆ ವಿಮಾನ ಜಾಸ್ತಿ ರೇಜಿಗೆ. ಮೇಲಿನಿಂದ ಬೀಳುವ ಸದ್ದಿಗೆ ಹಿಂದಿನ ಕೋಣೆ, ಮುಂದಿನ ಕೋಣೆ ಅಂತ ಇಲ್ಲ, ತಪ್ಪಿಸಿಕೊಳ್ಳುವ ಜಾಗವೇ ಇಲ್ಲ. ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ವಿಮಾನಗಳ ನಿಗದಿತ ಹಾರಾಟ ನಿಷೇಧ. ನಮ್ಮ ದೇವನಹಳ್ಳಿಯಲ್ಲಿ ವಿಮಾನಗಳು ರಾತ್ರಿಯಿಡೀ ಹಾರುತ್ತವೆ.

ಹಾರ್ನ್ ಬಗ್ಗೆ ಏನೂ ಹೇಳಲೇ ಇಲ್ಲ?

ಬೇಕಂತಲೇ ಬೇರೆ ಇಟ್ಟೆ. ಇಂಜಿನ್ನು, ಟೈರಿನ ಸದ್ದು ಒಂದೇ ಸಮ ಬರುತ್ತದೆ. ಹಾರ್ನ್ ಹಾಗಲ್ಲ, ಅದನ್ನು ಮಾಡಿರುವುದೇ ಬೆಚ್ಚಿಬೀಳಿಸುವುದಕ್ಕೆ. ಸದ್ದು ಒಮ್ಮೆಗೇ ಎದ್ದು ಬಿದ್ದಷ್ಟೂ ನಿದ್ದೆ ಜಾಸ್ತಿ ಕೆಡುತ್ತದೆ. ಇಡೀ ರಾತ್ರಿಯ ಸರಾಸರಿ ತೆಗೆದರೆ ಹತ್ತು ಹಾರ್ನ್ ಅಂಥ ವ್ಯತ್ಯಾಸ ಮಾಡದೆ ಇರಬಹುದು. ಎದೆಬಡಿತಕ್ಕೆ ಮಾಡುತ್ತದೆ.

ಹಾರ್ನ್ ನಿಷೇಧಿಸಿದ ಜಾಗದಲ್ಲಿ ಬಾರಿಸಿದರೆ, ಅನಗತ್ಯವಾಗಿ ಬಾರಿಸುತ್ತಲೇ ಇದ್ದರೆ, ಮೋಟಾರು ವಾಹನ ಕಾಯ್ದೆಯ 194ಎಫ್ ಪ್ರಕಾರ ಮೊದಲ ಸಲ 1,000 ರೂಪಾಯಿ, ಆಮೇಲೆ 2,000 ದಂಡ ಇದೆ. ನನಗೆ ಗೊತ್ತಿರುವ ಒಬ್ಬರೂ ಈ ದಂಡ ಕಟ್ಟಿದ್ದನ್ನು ಕೇಳಿಲ್ಲ.

ಮೆರವಣಿಗೆಯ ಡಿಜೆ ಸದ್ದಿಗೆ, ಪಟಾಕಿಗೆ ಹೃದಯ ನಿಲ್ಲಬಹುದಾ?

ಆರೋಗ್ಯವಂತರಿಗೆ ಹಾಗಾಗುವುದು ತೀರಾ ಅಪರೂಪ. ಆದರೆ ಹುಟ್ಟಿನಿಂದಲೇ ಬರುವ ಲಾಂಗ್ ಕ್ಯೂಟಿ ಅನ್ನುವ ಒಂದು ತೊಂದರೆ ಇದೆ. ಹೃದಯದ ವಿದ್ಯುತ್ ಲಯದಲ್ಲಿ ಏರುಪೇರು ಇರುತ್ತದೆ. ಅದರ ಎರಡನೇ ವಿಧದವರಿಗೆ ಅಲಾರಂ, ಫೋನ್ ರಿಂಗಿನಂಥ ದಿಢೀರ್ ಸದ್ದೇ ಅಪಾಯ. ಮಲಗುವ ಕೋಣೆಯಿಂದ ಅಲಾರಂ ತೆಗೆದುಬಿಡಿ ಅಂತ ಡಾಕ್ಟರುಗಳು ಅವರಿಗೆ ಹೇಳುತ್ತಾರೆ. ಸದ್ದಿಗೆ ಬೆಚ್ಚಿ ಪ್ರಜ್ಞೆ ತಪ್ಪಿ ಬಿದ್ದವರು ಮನೆಯಲ್ಲಿದ್ದರೆ, ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರು ಕುಟುಂಬದಲ್ಲಿದ್ದರೆ, ಒಂದು ಇಸಿಜಿ ಮಾಡಿಸಿ. ಮೊದಲೇ ಹೃದಯದ ಕಾಯಿಲೆ ಇರುವ ಹಿರಿಯರನ್ನು ಡಿಜೆ ಲಾರಿಯ ಪಕ್ಕ ನಿಲ್ಲಿಸಬೇಡಿ, ಒಳಗೆ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ.

ನಾನೇ ಇಷ್ಟಪಟ್ಟು ಜೋರಾಗಿ ಹಾಡು ಕೇಳಿದರೆ?

ಕಿವಿಗೆ ಕೆಟ್ಟದ್ದು. ಹೃದಯದ ಲೆಕ್ಕ ಬೇರೆ, ಯಾಕೆಂದರೆ ಬಟನ್ ನಿಮ್ಮ ಕೈಯಲ್ಲಿದೆ. ನಿಮ್ಮ ಹಾಡು ಪಕ್ಕದ ಮನೆಯವರಿಗೆ ಮಾತ್ರ ಹಾಡಲ್ಲ, ಗಲಾಟೆ.

ಮೊಬೈಲ್ ಆಪ್‌ನಲ್ಲಿ ಅಳೆದರೆ ನಡೆಯುತ್ತದಾ?

ಅಂದಾಜಿಗೆ ನಡೆಯುತ್ತದೆ. ಕೆಲವು ಡೆಸಿಬೆಲ್ ಹೆಚ್ಚುಕಡಿಮೆ ತೋರಿಸಬಹುದು, ಕೋರ್ಟು ಕಚೇರಿಗೆ ಆಗುವುದಿಲ್ಲ. ಆದರೆ ಒಂದೇ ಫೋನಿನಲ್ಲಿ ಮುಂದಿನ ಕೋಣೆ, ಹಿಂದಿನ ಕೋಣೆ, ಕಿಟಕಿ ತೆರೆದು, ಮುಚ್ಚಿ ಅಳೆದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬೇಕಾಗಿರುವುದೂ ಆ ವ್ಯತ್ಯಾಸವೇ. ಫೋನನ್ನು ದಿಂಬಿನ ಎತ್ತರದಲ್ಲಿ ಇಡಿ, ಫ್ಯಾನ್ ಆಫ್ ಮಾಡಿ.

ಮನೆಯಲ್ಲಿ ಏನು ಮಾಡಬಹುದು?

ಎಲ್ಲಕ್ಕಿಂತ ಮೊದಲು ಮಂಚ ಎತ್ತಿ ಹಿಂದಕ್ಕೆ ಹಾಕಿ. ಖರ್ಚಿಲ್ಲದ ಕೆಲಸ, ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಮನೆಯೇ ಅಡ್ಡ ನಿಂತು ಸದ್ದು ತಡೆಯುತ್ತದೆ. ನಮ್ಮಲ್ಲಿ ರಸ್ತೆ ಕಡೆಯ ಕೋಣೆಯೇ ದೊಡ್ಡದು, ಗಾಳಿ ಬೆಳಕು ಅಲ್ಲೇ ಜಾಸ್ತಿ. ಹಾಗಾಗಿ ಅಪ್ಪ ಅಮ್ಮನಿಗೆ ಅದನ್ನೇ ಕೊಟ್ಟಿದ್ದೆವು. ಗೌರವ ಅಂತ ಕೊಟ್ಟದ್ದು ಅದೇ ಕೋಣೆ ನೋಡಿ! ಹಿಂದಿನ ಕೋಣೆಯಲ್ಲಿ ಅಕ್ಕಿ ಡ್ರಮ್ಮು, ಹಳೆ ಸೂಟ್‌ಕೇಸು, ಮುರಿದ ಕೂಲರ್ ಇತ್ತು. ಎರಡು ಭಾನುವಾರ ಖಾಲಿ ಮಾಡಿ, ಸುಣ್ಣ ಬಳಿಸಿ ಮಂಚ ಹಾಕಿದೆವು. ನನ್ನ ಫೋನಿನಲ್ಲಿ ಮುಂದಕ್ಕೂ ಹಿಂದಕ್ಕೂ ರಾತ್ರಿ 15 ಡೆಸಿಬೆಲ್ ಹತ್ತಿರ ವ್ಯತ್ಯಾಸ ಬಂತು. ಅಮ್ಮ ಮೊದಲ ವಾರ “ಇದೇನೋ ಸ್ಮಶಾನ ಇದ್ದಂಗಿದೆ” ಅಂತ ಗೊಣಗಿದರು. ಮಾತ್ರೆಗಳು ಈಗಲೂ ಅವೇ ಇವೆ. ಬೆಳಗಿನ ಜಾವ ಮೂರಕ್ಕೆ ಎದ್ದು ಅಡುಗೆಮನೆಯಲ್ಲಿ ಲೈಟ್ ಹಾಕುವುದು ಮಾತ್ರ ನಿಂತಿದೆ.

ಕೋಣೆ ಬದಲಿಸಲು ಆಗದಿದ್ದರೆ ಕಿಟಕಿ ನೋಡಿ. ಸದ್ದು ನೀರಿನ ಹಾಗೆ, ಸಂದಿ ಇದ್ದ ಕಡೆ ನುಗ್ಗುತ್ತದೆ. ಹತ್ತಾರು ಸಾವಿರದ ಗಾಜು ಹಾಕಿಸುವ ಮೊದಲು ಚೌಕಟ್ಟಿನ ಸಂದಿಗೆ ರಬ್ಬರ್ ಬೀಡಿಂಗ್ ಅಂಟಿಸಿ, ಬಾಗಿಲ ಕೆಳಗಿನ ಸಂದಿ ಮುಚ್ಚಿ. ಜಾರುವ ಕಿಟಕಿಗಿಂತ ಕದ ಒತ್ತಿ ಮುಚ್ಚುವ ಕಿಟಕಿ ವಾಸಿ. ಗಾಜು ಹಾಕಿಸುವುದೇ ಆದರೆ ನಡುವೆ ಪದರ ಇರುವ ಲ್ಯಾಮಿನೇಟೆಡ್ ಗಾಜು ಕೇಳಿ. ಇನ್ನೊಂದು ಮಾತು, ಎಲ್ಲ ಮುಚ್ಚಿ ಸೆಕೆಯಲ್ಲಿ ಬೇಯಬೇಡಿ. ಸೆಕೆಯೂ ನಿದ್ದೆ ಕೆಡಿಸುತ್ತದೆ. ರಸ್ತೆ ಕಡೆ ಮುಚ್ಚಿ, ಹಿಂದೆ ತೆರೆದಿಡಿ.

ಪರದೆ, ಗಿಡ, ಇಯರ್‌ಪ್ಲಗ್, ಫ್ಯಾನ್ ಸದ್ದು?

ಪರದೆ ಎಷ್ಟೇ ದಪ್ಪ ಇರಲಿ, ಹೊರಗಿನ ಸದ್ದಿಗೆ ಅಷ್ಟಕ್ಕಷ್ಟೇ. ಬಾಲ್ಕನಿಯ ಕುಂಡಗಳು ಕಣ್ಣಿಗೆ ತಂಪು, ಡೆಸಿಬೆಲ್ ಲೆಕ್ಕದಲ್ಲಿ ಸೊನ್ನೆ. ಇಯರ್‌ಪ್ಲಗ್ ಸರಿಯಾಗಿ ಹಾಕಿಕೊಂಡರೆ ಕೆಲಸ ಮಾಡುತ್ತದೆ. ಫೋಮಿನದ್ದನ್ನು ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಬಿಡಬೇಕು, ಅದು ಉಬ್ಬುವವರೆಗೆ ಹಿಡಿದಿರಬೇಕು. ಸುಮ್ನೆ ತುರುಕಿದರೆ ಏನೂ ಪ್ರಯೋಜನ ಇಲ್ಲ. ಕಿವಿ ಸೋರುವವರು ಹಾಕಬಾರದು. ಫ್ಯಾನಿನ ಒಂದೇ ಸಮನಾದ ಸದ್ದು ಚಿಕ್ಕಪುಟ್ಟ ಸದ್ದನ್ನು ಮುಚ್ಚುತ್ತದೆ, ಲಾರಿ ಹಾರ್ನನ್ನು ಮುಚ್ಚುವುದಿಲ್ಲ.

ಕಾನೂನಿನ ಪ್ರಕಾರ ಯಾರಿಗೆ ದೂರು ಕೊಡಬಹುದು?

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನೆಲ್ಲ ಗಟ್ಟಿಯಾಗಿ ಎತ್ತಿಹಿಡಿದಿದೆ. ಆ ಹೊತ್ತಿಗೆ ಸದ್ದು ನಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ದಿನಾ ಕಾಡುವ ಜನರೇಟರು, ಕಾರ್ಖಾನೆಯ ಸದ್ದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಿ. ತಾರೀಖು, ಗಂಟೆ ಬರೆದಿಟ್ಟ ಪಟ್ಟಿ ಜೊತೆಗಿರಲಿ. ಒಬ್ಬರೇ ಹೋಗಬೇಡಿ, ನಾಲ್ಕು ಮನೆಯವರು ಸಹಿ ಹಾಕಿ. ಒಬ್ಬರೇ ದೂರು ಕೊಟ್ಟು ಬೀದಿಯವರ ಬೈಗುಳ ತಿಂದ ಅನುಭವದಿಂದ ಹೇಳುತ್ತಿದ್ದೇನೆ.

ಡಾಕ್ಟರಿಗೆ ಇದನ್ನೆಲ್ಲ ಹೇಳಬೇಕಾ?

ಹೇಳಿ, ಎರಡೇ ವಾಕ್ಯದಲ್ಲಿ. ಮಲಗುವ ಕೋಣೆ ರಸ್ತೆ ಕಡೆಗಿದೆ, ರಾತ್ರಿ ಇಷ್ಟು ಸಲ ಎಚ್ಚರಾಗುತ್ತದೆ ಅಂತ. ಮಾತ್ರೆ ತೆಗೆದುಕೊಂಡರೂ ಬಿಪಿ ಇಳಿಯದಿದ್ದರೆ 24 ಗಂಟೆಯ ಅಳತೆ ಬೇಕಾ ಅಂತ ಕೇಳಿ. ಗೊರಕೆ ಇದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯೂ ಹೀಗೇ ಬಿಪಿ ಏರಿಸುತ್ತದೆ, ಎಲ್ಲ ತಪ್ಪನ್ನೂ ಲಾರಿಯ ಮೇಲೆ ಹಾಕಬಾರದು. ಯಾವ ಕಾರಣಕ್ಕೂ ಮಾತ್ರೆ ನಿಲ್ಲಿಸಬೇಡಿ.

ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಏನು ನೋಡಬೇಕು?

ಮನೆ ತೋರಿಸುವವರು ಭಾನುವಾರ ಬೆಳಗ್ಗೆ ಕರೆಯುತ್ತಾರೆ. ಆ ಹೊತ್ತಿಗೆ ಎಲ್ಲ ರಸ್ತೆಯೂ ಮೌನ. ಅಡ್ವಾನ್ಸ್ ಕೊಡುವ ಮೊದಲು ವಾರದ ನಡುವೆ ಒಂದು ದಿನ ರಾತ್ರಿ ಹನ್ನೊಂದಕ್ಕೆ ಹೋಗಿ ಹತ್ತು ನಿಮಿಷ ಸುಮ್ನೆ ನಿಂತು ಕೇಳಿ. ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ ನೋಡಿ. ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯಾ, ಬಸ್ಸು ತಿರುಗುವ ಜಾಗ ಇದೆಯಾ, ಜನರೇಟರ್ ಯಾರ ಗೋಡೆಗೆ ಅಂಟಿದೆ ಕೇಳಿ. ಆಮೇಲೆ ಕೆಳಗೆ ಇಳಿದು, ಗೇಟಿನ ಎದುರು ಹಂಪ್ ಇದೆಯಾ ನೋಡಿಬಿಡಿ.